ಅವ್ವನ ಉಸಿರಿಗೊಂದು ಗುಡ್ಡ

ಮೊನ್ನೆ ಮೊಮ್ಮಗಳಿಗೆ ನೆಗಡಿಯಾಗಿತ್ತು. ಸೊಸೆ ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ತಂದಿಟ್ಟಳು. ಆವಿ ಮನೆತುಂಬ ಹರಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು ಅಲ್ಲಿಂದ ಕದಲಲಿಲ್ಲ. ಹಗರಿಬೊಮ್ಮನಹಳ್ಳಿಯ ಈ ಮನೆ, ಹೊರಗಿನ ಟ್ರ್ಯಾಕ್ಟರ್ ಸದ್ದು, ಮೇ ತಿಂಗಳ ಬಿಸಿಲು ಎಲ್ಲ ಹಿಂದಕ್ಕೆ ಸರಿದು, ನಲವತ್ತು ವರ್ಷಕ್ಕೂ ಹಿಂದಿನ ಒಂದು ಬೇಸಿಗೆ ಎದುರು ಬಂದು ನಿಂತಿತು.

ಎಂಬತ್ತರ ದಶಕದ ಶುರುವಿನ ಮಾತು. ನನಗೆ ಇಪ್ಪತ್ತಾರು ವರ್ಷ. ತಂಬ್ರಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಬೇಸಿಗೆಯಲ್ಲಿ ನಾನು ಒಂದು ಕೆಲಸ ಮಾಡಿದೆ. ಅಪ್ಪ ಅವ್ವರನ್ನು ಸುಮ್ಮನೆ ಕೂರಿಸಲಿಕ್ಕೆಂದು ಗುಡ್ಡದ ಊರಿಗೆ ಕರೆದುಕೊಂಡು ಹೋದೆ. ನಮ್ಮ ಕೇರಿಯಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಹೋಗಿರಲಿಲ್ಲ. ಊರು ಬಿಡುವುದೆಂದರೆ ದುಡಿಯಲು ಬಿಡಬೇಕು, ಇಲ್ಲ ಮದುವೆ ಮಸಣಕ್ಕೆ ಬಿಡಬೇಕು, ಇಲ್ಲ ದವಾಖಾನೆಗೆ. ಏನೂ ಮಾಡದೆ ಇರಲು ಮೂರು ದಿನ ಪ್ರಯಾಣ ಮಾಡುವುದು ಎಂದಾಗ ಅಕ್ಕಪಕ್ಕದ ಹೆಂಗಸರು ನನ್ನ ಮುಖವನ್ನು ಎರಡು ಸಲ ನೋಡಿದ್ದರು.

ಕಾರಣ ಅವ್ವನ ಎದೆ. ಅವ್ವ ಹುಲಿಗೆವ್ವ, ಇಪ್ಪತ್ತೆರಡು ವರ್ಷ ಶೇಂಗಾ ಮಿಲ್ಲಿನಲ್ಲಿ ದುಡಿದವಳು. ಕಾಯಿ ಒಡೆಯುವ ಯಂತ್ರದ ಮುಂದೆ ನಿಂತು ಹೊಟ್ಟು ಬೇರೆ ಬೀಜ ಬೇರೆ ಮಾಡುವ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಕೆಂಧೂಳು. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೊಡವಿದರೆ ಅಂಗಳದಲ್ಲಿ ಒಂದು ಮೋಡ ಏಳುತ್ತಿತ್ತು. ಮೊದಲು ಬೆಳಗ್ಗೆ ಮಾತ್ರ ಬರುತ್ತಿದ್ದ ಕೆಮ್ಮು ಆಮೇಲೆ ದಿನವಿಡೀ ಬರತೊಡಗಿತು. ಆ ವರ್ಷ ಶಿವರಾತ್ರಿ ಹೊತ್ತಿಗೆ ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಸೀಟಿ ಊದಿದಂತೆ ಕೇಳುತ್ತಿತ್ತು.

ಹೊಸಪೇಟೆಯ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, ಕ್ಷಯವಲ್ಲ, ಧೂಳಿನ ಉಬ್ಬಸ ಎಂದರು. ಗುಳಿಗೆ ಬರೆದರು. ಗುಳಿಗೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ಒಳ್ಳೆ ಗಾಳಿ ಮಾಡಬೇಕು. ಈ ಬೇಸಿಗೆಯಲ್ಲಿ ಆಕೆಯನ್ನು ಧೂಳು ಸೆಕೆ ಎರಡೂ ಇಲ್ಲದ ಕಡೆ ಇಡಿ, ಕೆಲಸ ಹಚ್ಚಬೇಡಿ ಎಂದರು. ಅವ್ವ ಹೊರಗೆ ಹೋದ ಮೇಲೆ ನನಗೊಬ್ಬಳಿಗೇ ಇನ್ನೊಂದು ಮಾತು ಹೇಳಿದರು. ಹೀಗೇ ಮಿಲ್ಲಿಗೆ ಹೋಗುತ್ತಿದ್ದರೆ ಇನ್ನೆರಡು ವರ್ಷ ಎಂದು.

ನಾನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಬಸ್ಸಿನಲ್ಲಿ ಬರುತ್ತ ಮನಸ್ಸಿನಲ್ಲೇ ಯೋಜನೆ ಹಾಕತೊಡಗಿದೆ. ಯೋಜನೆ ಹಾಕುವುದರಲ್ಲಿ ನಾನು ಗಟ್ಟಿಗಿತ್ತಿ, ಈಗಲೂ ಹೌದು. ಅರವತ್ತು ಮಕ್ಕಳ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನಡೆಸಿದವಳಿಗೆ ಇಬ್ಬರು ವಯಸ್ಸಾದವರನ್ನು ಒಂದು ಗುಡ್ಡ ಹತ್ತಿಸುವುದು ದೊಡ್ಡದಲ್ಲ ಎಂದುಕೊಂಡೆ.

ಅನುಕೂಲವೂ ಒಂದಿತ್ತು. ಅಪ್ಪ ದುರುಗಪ್ಪ, ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ರೈಲು ಮಾರ್ಗದಲ್ಲಿ ಗ್ಯಾಂಗ್ ಮೇಸ್ತ್ರಿ. ಹಳಿ ಸರಿಯಿದೆಯೇ ನೋಡುವುದು, ಬೋಲ್ಟು ಬಿಗಿಸುವುದು, ಹಳಿಗೆ ಅಡ್ಡ ಹಾಸಿದ ಸ್ಲೀಪರಿನ ಕೆಳಗೆ ಜಲ್ಲಿ ತುಂಬಿ ಬಡಿಯುವುದು, ಇದನ್ನು ಆಳುಗಳಿಂದ ಮಾಡಿಸುತ್ತ ತಾನೂ ಮಾಡುತ್ತ ಮೂವತ್ತು ವರ್ಷ ಕಳೆದು, ಆಗಷ್ಟೇ ಜನವರಿಯಲ್ಲಿ ನಿವೃತ್ತನಾಗಿದ್ದ. ಅಷ್ಟು ವರ್ಷ ಹಳಿಯ ಪಕ್ಕದಲ್ಲಿ ನಡೆದ ಮನುಷ್ಯ ಅದರ ಮೇಲೆ ಓಡುವ ಗಾಡಿಯಲ್ಲಿ ಕೂತು ಗುಂತಕಲ್ಲಿನಿಂದ ಆಚೆ ಹೋದವನಲ್ಲ. ಅವನಿಗೆ ಸಿಗುತ್ತಿದ್ದ ಪಾಸುಗಳು ಹಾಗೇ ವ್ಯರ್ಥವಾಗುತ್ತಿದ್ದವು. ರಜೆ ಸಿಗುವುದು ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ಹಳಿ ಕಾದು ಹಿಗ್ಗುತ್ತದೆ, ಹಿಗ್ಗುವ ಹಳಿಯನ್ನು ಇನ್ನೊಬ್ಬರ ಕೈಗೆ ಬಿಟ್ಟು ಹೋಗಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಈಗ ಹಳಿ ಬೇರೆಯವರದಾಗಿತ್ತು. ನಿವೃತ್ತರಿಗೆ ಕೊಡುವ ಪಾಸು ಕೈಯಲ್ಲಿತ್ತು.

ಶಾಲೆಯ ಭೂಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿಕೊಂಡು ಕೂತೆ. ಸಂಡೂರಿನ ಗುಡ್ಡಗಳು ಹತ್ತಿರ, ಆದರೆ ಅಲ್ಲಿ ಅದಿರಿನ ಧೂಳು. ಕೆಮ್ಮಣ್ಣುಗುಂಡಿಗೆ ಕೊನೆಯ ದಾರಿ ಬಸ್ಸಿನಲ್ಲಿ ಹೊರಳಾಡುತ್ತ ಹೋಗಬೇಕು. ಹೆಡ್ ಮಾಸ್ತರರು ಊಟಿ ಎಂದರು. ಊಟಿಗೆ ಬೇಸಿಗೆಯಲ್ಲಿ ಲೋಕವೆಲ್ಲ ಬರುತ್ತದೆ ಎಂದು ಕೇಳಿದ್ದೆ. ಅದಕ್ಕಿಂತ ಸ್ವಲ್ಪ ಕೆಳಗೆ ಅದೇ ರೈಲು ದಾರಿಯಲ್ಲಿ ಕೂನೂರು ಇತ್ತು. ಸಣ್ಣ ಊರು, ರೈಲು ಊರೊಳಗೇ ಹೋಗುತ್ತದೆ. ಅದೇ ಸೈ ಎಂದು ಬೆರಳಿಟ್ಟೆ.

ಒಂದು ನೂರು ಪುಟದ ನೋಟ್‌ಬುಕ್ಕು ತಂದೆ. ದಿನಕ್ಕೆ ಹತ್ತು ತಾಸಿಗಿಂತ ಹೆಚ್ಚು ಪ್ರಯಾಣವಿಲ್ಲ. ಬೆಂಗಳೂರಿನಲ್ಲಿ ಸ್ಟೇಷನ್ನಿನ ವಿಶ್ರಾಂತಿ ಕೊಠಡಿಯಲ್ಲಿ ಒಂದು ದಿನ, ಗುಡ್ಡದ ಬುಡದ ಮೇಟ್ಟುಪಾಳ್ಯದಲ್ಲಿ ಇನ್ನೊಂದು ದಿನ. ಗಂಟು ಎರಡೇ, ಎರಡನ್ನೂ ನಾನೇ ಹೊರುವುದು. ಅವ್ವ ಎಷ್ಟು ನಡೆಯಬಲ್ಲಳು ಎಂದು ತಿಳಿಯಲು ಒಂದು ವಾರ ಸಂಜೆ ಹೊತ್ತು ಆಕೆಯನ್ನು ಮನೆಯಿಂದ ಸ್ಟೇಷನ್ನಿಗೆ ನಡೆಸಿದೆ. ನಲವತ್ತು ಹೆಜ್ಜೆಗೆ ಒಂದು ಸಲ ನಿಲ್ಲಬೇಕಾಗುತ್ತಿತ್ತು. ನಿಂತಾಗ ಸೊಂಟಕ್ಕೆ ಕೈಕೊಟ್ಟು, ದಾರಿಯಲ್ಲಿ ಏನೋ ನೋಡುವವಳಂತೆ ನಟಿಸುತ್ತಿದ್ದಳು.

ಅವ್ವನಿಗೆ ಈ ಯೋಜನೆ ಮೊದಲಿಗೆ ರುಚಿಸಲಿಲ್ಲ. ಸುಮ್ಮನೆ ಕೂರುವುದಾದರೆ ಇಲ್ಲೇ ಬೇವಿನ ಗಿಡದ ಕೆಳಗೆ ಕೂರುತ್ತೇನಲ್ಲ ಎಂದಳು. ಹಾಗಾದರೆ ಕೂತು ತೋರಿಸು ಎಂದೆ. ಒಂದು ಭಾನುವಾರ ಪರೀಕ್ಷೆ ಇಟ್ಟೆ. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಆಕೆ ಹನ್ನೊಂದು ಸಲ ಎದ್ದಳು; ಎರಡು ಸಲ ನೀರಿಗೆ, ಒಂದು ಸಲ ಪಕ್ಕದ ಮನೆಯ ಕೂಸಿಗೆ, ಉಳಿದದ್ದೆಲ್ಲ ಯಾತಕ್ಕೆ ಎಂದು ಆಕೆಗೇ ಹೇಳಲಾಗಲಿಲ್ಲ. ಆಮೇಲೆ ಬೇಡ ಎನ್ನಲಿಲ್ಲ.

ಉಳಿಯುವ ಜಾಗ ಗೊತ್ತುಮಾಡಬೇಕಿತ್ತು. ಹೆಡ್ ಮಾಸ್ತರರ ಪರಿಚಯದವರಿಂದ ಕೂನೂರಿನ ಒಂದು ವಸತಿಗೃಹದ ವಿಳಾಸ ಸಿಕ್ಕಿತು. ಉತ್ತರದ ಕಾರ್ಡೂ ಜೊತೆಗಿರುವ ಜವಾಬಿ ಕಾರ್ಡು ಬರೆದೆ. ಸ್ಟೇಷನ್ನಿನಿಂದ ಎಷ್ಟು ದೂರ, ಮೆಟ್ಟಿಲು ಎಷ್ಟು, ಬಿಸಿನೀರು ಸಿಗುತ್ತದೆಯೇ, ಕೋಣೆಗೆ ಬಿಸಿಲು ಬೀಳುತ್ತದೆಯೇ ಎಂದು ಕೇಳಿದೆ. ಹತ್ತು ದಿನಕ್ಕೆ ಉತ್ತರ ಬಂತು. ಎಲ್ಲಕ್ಕೂ ಚೊಕ್ಕವಾಗಿ ಇಂಗ್ಲಿಷಿನಲ್ಲಿ ಉತ್ತರ ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ತಮ್ಮಲ್ಲಿ ಅಡುಗೆ ಊಟ ಮನೆಯವರ ಜೊತೆಗೇ ಇರುವುದರಿಂದ, ತಾವು ಯಾವ ಜನ ಎಂದು ತಿಳಿಸಿದರೆ ಅನುಕೂಲ.

ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಗೆ ಪುಟವಿರಲಿಲ್ಲ. ಇರಬೇಕಿತ್ತು. ಹುಟ್ಟಿದಾಗಿನಿಂದ ಕೇಳಿಸಿಕೊಂಡ ಪ್ರಶ್ನೆಯನ್ನೇ ನಾನು ಮರೆತಿದ್ದೆ. ಅಂದು ಸಂಜೆ ಕಾರ್ಡು ತೆಗೆದು ಬರೆದೆ: ನಾವು ಶಿಕ್ಷಕರ ಕುಟುಂಬ, ಶಾಕಾಹಾರಿಗಳು, ಶುಚಿಯಾಗಿರುವವರು. ಎಲ್ಲ ಸುಳ್ಳೆಂದಲ್ಲ, ಅವ್ವನಷ್ಟು ಶುಚಿ ಇರುವವರನ್ನು ನಾನು ನೋಡಿಲ್ಲ. ಆದರೆ ಅವರು ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತಿತ್ತು.

ಅಪ್ಪ ಎದುರಿಗೆ ಕೂತು ತಂಬಾಕು ತಿಕ್ಕುತ್ತಿದ್ದ. ಓದಿ ಹೇಳು ಎಂದ. ಕೇಳಿದ್ದನ್ನೂ ಓದಿದೆ, ನಾನು ಬರೆದದ್ದನ್ನೂ ಓದಿದೆ. ಅವನು ತಂಬಾಕನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಇಟ್ಟುಕೊಂಡ.

"ಸರೋಜಿ, ಇದನ್ನ ಕಳಿಸಿದ್ರ ಹದಿನೈದು ದಿನ ನಿಮ್ಮವ್ವ ಬಾಯಿ ಬಿಗಿ ಹಿಡಕಂಡು ಇರಬೇಕಾಗ್ತೈತಿ. ಎಲ್ಲಿ ಏನಂದ್ರ ಗೊತ್ತಾಗ್ತೈತೋ ಅಂತ. ನಾವು ಹೊಂಟಿದ್ದು ಉಸಿರಾಡಾಕ. ಅಲ್ಲೂ ಉಸಿರು ಹಿಡಕಂಡು ಇರಬೇಕೇನು?"

ನಾನು ಕಾರ್ಡು ಹರಿದೆ. ಇನ್ನೊಂದು ಬರೆದೆ. ನಾವು ಬೌದ್ಧರು, ಊರಿನ ಲೆಕ್ಕದಲ್ಲಿ ಕೇರಿಯವರು, ಏಪ್ರಿಲ್ ಕೊನೆಗೆ ಬರುತ್ತೇವೆ ಎಂದು. ಅದಕ್ಕೆ ಉತ್ತರ ಬರಲಿಲ್ಲ. ಎರಡು ವಾರ ದಿನಾ ಟಪಾಲಿನವನ ದಾರಿ ನೋಡಿದೆ. ಶಾಲೆಗೆ ರಜೆ ಬಿಟ್ಟಿತು. ಬಿಸಿಗಾಳಿ ಶುರುವಾಯಿತು. ಕಲ್ಲುಹಾಸಿನ ನಮ್ಮ ಮನೆ ಮಧ್ಯಾಹ್ನ ಮೂರಕ್ಕೆ ಕಾದ ಹಂಚಾಗುತ್ತಿತ್ತು. ಅವ್ವ ಮಲಗಿ ನಿದ್ದೆ ಮಾಡುವುದನ್ನು ಬಿಟ್ಟಿದ್ದಳು, ಗೋಡೆಗೆ ಆತು ಕೂತೇ ಕಣ್ಣು ಮುಚ್ಚುತ್ತಿದ್ದಳು.

ನಾನು ಸೋತೆ ಎನ್ನುವ ಹೊತ್ತಿಗೆ ಅಪ್ಪನಿಗೆ ಒಂದು ವಿಚಾರ ಹೊಳೆಯಿತು. ಅಲ್ಲಿ ರೈಲು ಓಡುತ್ತದೆ ಎಂದ ಮೇಲೆ ಹಳಿ ಇರಬೇಕು, ಹಳಿ ಇದ್ದ ಮೇಲೆ ಗ್ಯಾಂಗು ಇರಬೇಕು, ಗ್ಯಾಂಗಿಗೊಬ್ಬ ಮೇಸ್ತ್ರಿ ಇರಲೇಬೇಕು, ಅವನಿಗೇ ಬರೆಯೋಣ ಎಂದ. ಹೆಸರು ಗೊತ್ತಿಲ್ಲವಲ್ಲ ಎಂದೆ. ನನ್ನ ಹೆಸರೂ ಅವನಿಗೆ ಗೊತ್ತಿಲ್ಲ, ಲೆಕ್ಕ ಸಮ ಆಯಿತು ಎಂದ. ನಮ್ಮ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಸೆಲ್ವರಾಜನಿಗೆ ತಮಿಳು ಬರೆಯಲು ಬರುತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅಪ್ಪ ಹೇಳಿದ, ಸೆಲ್ವರಾಜ ಬರೆದ. ಹಗರಿಬೊಮ್ಮನಹಳ್ಳಿಯ ಗ್ಯಾಂಗ್ ಮೇಸ್ತ್ರಿ ದುರುಗಪ್ಪ, ಕೂನೂರಿನ ಗ್ಯಾಂಗ್ ಮೇಸ್ತ್ರಿಗೆ ಬರೆಯುವುದು. ನನ್ನ ಹೆಂಡತಿಗೆ ಉಸಿರಿನ ಜಡ್ಡು. ನಿಮ್ಮ ಗಾಳಿ ಬೇಕಾಗಿದೆ. ಮೆಟ್ಟಿಲು ಇಲ್ಲದ ಒಂದು ಕೋಣೆ ಬೇಕು. ನಾವು ಕೇರಿಯ ಮಂದಿ; ಅದು ಅಡ್ಡಿಯಾಗುವ ಮನೆ ಬೇಡ.

ಎಂಟನೆಯ ದಿನ ಉತ್ತರ ಬಂತು. ಬರೆದವನ ಹೆಸರು ಆರುಮುಗಂ. ಸೆಲ್ವರಾಜ ಓದಿ ಹೇಳಿದ. ಕೊನೆಯ ಮಾತಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಮ್ಮ ಗ್ಯಾಂಗಿನಲ್ಲಿದ್ದು ತೀರಿಹೋದವನೊಬ್ಬನ ಹೆಂಡತಿ ಮುನಿಯಮ್ಮ ಎಂಬವಳ ಮನೆ ಹಳಿಯ ಪಕ್ಕದಲ್ಲೇ ಇದೆ, ಮುಂದಿನ ಕೋಣೆ ಬಿಟ್ಟುಕೊಡುತ್ತಾಳೆ, ಮೂರು ಮೆಟ್ಟಿಲಿವೆ, ಅಮ್ಮನವರು ಎಷ್ಟು ಎತ್ತರದ ಮೆಟ್ಟಿಲು ಹತ್ತಬಲ್ಲರು ತಿಳಿಸಿದರೆ ಕಲ್ಲಿಟ್ಟು ತಗ್ಗಿಸುತ್ತೇವೆ ಎಂದಿತ್ತು. ಅಪ್ಪ ಕಾಗದವನ್ನು ಕೈಗೆ ತೆಗೆದುಕೊಂಡು, ತನಗೆ ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ.

ಮೆಟ್ಟಿಲು ಗೇಣಿಗಿಂತ ತಗ್ಗಿರಲಿ ಎಂದು ಮರುಟಪಾಲಿನಲ್ಲಿ ಬರೆಸಿ, ಹೀಗೆ ಹೊರಟೆವು. ನಮ್ಮೂರ ಗಾಡಿಯಲ್ಲಿ ಹೊಸಪೇಟೆ, ಅಲ್ಲಿಂದ ಗುಂತಕಲ್ಲು, ಬೆಂಗಳೂರು. ನೋಟ್‌ಬುಕ್ಕಿನಂತೆಯೇ ಎಲ್ಲ ನಡೆಯಿತು. ಅವ್ವ ವಿಶ್ರಾಂತಿ ಕೊಠಡಿಯ ಹಾಸಿಗೆಯ ತುದಿಯಲ್ಲಿ ಕೂತು, ಇದರ ಮೇಲೆ ಮಲಗಬಹುದೋ ಬರೀ ಕೂರಬೇಕೋ ಎಂದು ನನ್ನನ್ನು ಕೇಳಿದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಮೇಟ್ಟುಪಾಳ್ಯದಲ್ಲಿ ಬೆಳಗ್ಗೆ ಗುಡ್ಡದ ಗಾಡಿಯ ಮುಂದೆ ನಿಂತಾಗ ನನಗೆ ಬೀಗುವಷ್ಟು ಹೆಮ್ಮೆಯಾಗಿತ್ತು.

ಅಪ್ಪ ಗಾಡಿ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಳಿಗಳ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆದ. "ಅಳತಿ ನಮ್ದ ಐತಿ," ಎಂದ, ದೂರದೂರಿನಲ್ಲಿ ಸಂಬಂಧಿಕರು ಸಿಕ್ಕವರ ದನಿಯಲ್ಲಿ. ಸ್ವಲ್ಪ ದೂರ ಹೋದ ಮೇಲೆ ಎರಡು ಹಳಿಗಳ ನಡುವೆ ಮೂರನೆಯದೊಂದು ಶುರುವಾಯಿತು, ಗರಗಸದಂತೆ ಹಲ್ಲುಗಳಿದ್ದದ್ದು. ಇಂಜಿನ್ನಿನ ಕೆಳಗಿನ ಹಲ್ಲಿನ ಗಾಲಿ ಅದನ್ನು ಕಚ್ಚಿಕೊಂಡು ಗಾಡಿಯನ್ನು ಹಿಂದಿನಿಂದ ನೂಕುತ್ತ ಹತ್ತತೊಡಗಿತು. ಅಡಿಕೆ, ಬಿದಿರು, ಕೆಳಗೆಲ್ಲೋ ನೀರಿನ ಸದ್ದು. ಅವ್ವ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು.

ಆಮೇಲೆ ಸುರಂಗ ಬಂತು. ನಾನು ಮೆಟ್ಟಿಲು ಎಣಿಸಿದ್ದೆ, ತಾಸು ಎಣಿಸಿದ್ದೆ. ಕಲ್ಲಿದ್ದಲ ಇಂಜಿನ್ನು ಸುರಂಗದೊಳಗೆ ಹೊಕ್ಕರೆ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಎಣಿಸಿರಲಿಲ್ಲ. ನಾವಿದ್ದದ್ದು ಇಂಜಿನ್ನಿಗೆ ತಾಗಿದ ಹಿಂದಿನ ಡಬ್ಬಿಯಲ್ಲಿ. ಕತ್ತಲಾಗುತ್ತಲೇ ಹೊಗೆ ಒಳಗೆ ನುಗ್ಗಿತು. ಬೆಳಕು ಬಂದಾಗ ಅವ್ವ ಎರಡೂ ಕೈಯಿಂದ ಕಿಟಕಿಯ ಕಂಬಿ ಹಿಡಿದು ಬಾಯಿ ತೆರೆದಿದ್ದಳು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ಎರಡನೆಯ ಸುರಂಗದ ಆಚೆ ತುಟಿಗೆ ನೇರಳೆ ಬಣ್ಣ ಬಂದಿತ್ತು. ನಾನು ಗುಳಿಗೆ ಹುಡುಕುತ್ತ ಗಂಟಿನಲ್ಲಿದ್ದದ್ದನ್ನೆಲ್ಲ ಚೆಲ್ಲಿದೆ. ಪೊಟ್ಟಣ ಸಿಕ್ಕರೂ ಅದರ ದಾರದ ಗಂಟು ಬಿಚ್ಚಲಾಗಲಿಲ್ಲ. ನನ್ನ ಯೋಜನೆಯೇ ಅವ್ವನನ್ನು ಕೊಲ್ಲುತ್ತಿದೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಅಪ್ಪ ಟವೆಲನ್ನು ನೀರಲ್ಲಿ ಅದ್ದಿ ಅವ್ವನ ಮೂಗು ಬಾಯಿಗೆ ಹಿಡಿದ. ಗಾಡಿ ನೀರು ಕುಡಿಯಲು ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತು. "ಇಂಜಿನ್ ಹಿಂದೈತಿ. ಹೊಗಿ ಎಲ್ಲಾ ಈ ಡಬ್ಬಿಗೇ ಬರ್ತೈತಿ. ಮುಂದಿನದಕ್ಕ ಹೋಗಬೇಕು, ಗಂಟು ಎತ್ಕ," ಎಂದು ಅವ್ವನ ತೋಳಿನ ಕೆಳಗೆ ಕೈ ಕೊಟ್ಟು ಇಳಿಸಿದ. ಕೆಲಸದಲ್ಲಿದ್ದಾಗಿನ ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲಕ್ಕಿಂತ ಮುಂದಿನ ಡಬ್ಬಿ ಮೊದಲ ದರ್ಜೆಯದು. ಬಾಗಿಲಲ್ಲಿ ನಿಂತು ಡಬ್ಬಿಗೆ ಬ್ರೇಕು ಹಾಕುವವನು ನಮ್ಮ ಬಟ್ಟೆ ನೋಡಿ ಕೈ ಅಡ್ಡ ಮಾಡಿದ. ಅಪ್ಪ ಜೇಬಿನಿಂದ ಪಾಸು ತೆಗೆದು, ತನ್ನ ಎದೆ ಮುಟ್ಟಿಕೊಂಡು, ಹಳಿಯನ್ನು ತೋರಿಸಿ, ಅವ್ವನ ತುಟಿ ತೋರಿಸಿದ. ಆ ಮನುಷ್ಯ ಒಂದು ಗಳಿಗೆ ನೋಡಿ ಕೈ ತೆಗೆದ. ಒಳಗೆ ಬಿಳಿ ಕೂದಲಿನ ಒಬ್ಬ ಹೆಂಗಸು ತನ್ನ ಪಕ್ಕದ ಚೀಲವನ್ನು ಕೆಳಗಿಟ್ಟು ಜಾಗ ಮಾಡಿದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ಅವ್ವನ ಮುಂದೆ ಹಿಡಿದಳು. ಅಷ್ಟು ಸಂಕಟದಲ್ಲೂ ಅವ್ವ ತನ್ನ ಗಂಟಿನಲ್ಲಿದ್ದ ಲೋಟಕ್ಕೆ ಕೈ ಹಾಕಿದಳು, ಅದಕ್ಕೆ ಹಾಕಿಸಿಕೊಳ್ಳಲು. ಆ ಹೆಂಗಸಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಅವ್ವನ ತಲೆಯ ಹಿಂದೆ ಕೈಯಿಟ್ಟು ಮುಚ್ಚಳವನ್ನು ತುಟಿಗೇ ಹಚ್ಚಿದಳು. ಗುಳಿಗೆ ಒಳಗೆ ಹೋಯಿತು. ಉಳಿದ ಸುರಂಗಗಳಲ್ಲಿ ಅಲ್ಲಿಗೆ ಹೊಗೆ ಬರಲಿಲ್ಲ. ಕೂನೂರು ಬರುವ ಹೊತ್ತಿಗೆ ಅವ್ವ ಆಕೆಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ಮುನಿಯಮ್ಮನ ಮನೆಗೆ ಮೂರು ಮೆಟ್ಟಿಲಿದ್ದಲ್ಲಿ ಆರಾಗಿದ್ದವು. ನಡುನಡುವೆ ಕಲ್ಲಿಟ್ಟು ಒಂದೊಂದನ್ನೂ ಗೇಣಿಗಿಂತ ತಗ್ಗಿಸಿದ್ದರು. ತಗಡಿನ ಮಾಡು, ಮುಂದೆ ಪುಟ್ಟ ಅಂಗಳ, ಅಂಗಳದಲ್ಲೊಂದು ಬೆಂಚು, ಸುತ್ತ ನೀಲಗಿರಿ ಮರಗಳು. ಆರುಮುಗಂ ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು, ಕುಳ್ಳ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ ಇಬ್ಬರೂ ಅಂಗೈ ಹಿಡಿದುಕೊಂಡು ನಿಂತರು. ಹಾರೆ ಹಿಡಿದು ಗಟ್ಟಿಯಾದ ಅಂಗೈಯ ಜಡ್ಡುಗಳು ಇಬ್ಬರಿಗೂ ಒಂದೇ ಜಾಗದಲ್ಲಿದ್ದವು. ಮುನಿಯಮ್ಮನಿಗೆ ಐವತ್ತೈದು ಇರಬಹುದು. ಚಿಕ್ಕಂದಿನಲ್ಲಿ ಮೈಸೂರು ಕಡೆಯ ತೋಟವೊಂದರಲ್ಲಿ ಬೆಳೆದದ್ದರಿಂದ ಮುರುಕು ಕನ್ನಡ ಬರುತ್ತಿತ್ತು.

ಮೊದಲೆರಡು ದಿನ ನಾನು ನೋಟ್‌ಬುಕ್ಕು ಹಿಡಿದು ವಿಶ್ರಾಂತಿ ಮಾಡಿಸಿದೆ. ಆರೂವರೆಗೆ ಕಷಾಯ, ಏಳಕ್ಕೆ ಬಿಸಿಲಲ್ಲಿ ಕೂರುವುದು, ಎಂಟಕ್ಕೆ ನೀಲಗಿರಿ ಎಲೆಯ ಆವಿ, ಒಂಬತ್ತಕ್ಕೆ ನಡಿಗೆ. ಇಬ್ಬರೂ ಶಾಲೆ ಮಕ್ಕಳಂತೆ ಹೇಳಿದ್ದು ಮಾಡಿದರು. ಮೂರನೆಯ ದಿನ ಬೆಳಕು ಹರಿಯುತ್ತಲೇ ಎದ್ದೆ. ಅವ್ವ ಹಾಸಿಗೆಯಲ್ಲಿರಲಿಲ್ಲ. ಹೊರಗೆ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ, ಮುನಿಯಮ್ಮನ ಅಂಗಳ ಗುಡಿಸುತ್ತಿದ್ದಳು. ಉಸಿರಿನ ಸೀಟಿ ಮತ್ತೆ ಕೇಳುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಕಸಬರಿಗೆ ಕಿತ್ತುಕೊಂಡು ಎಸೆದೆ. ಇಷ್ಟು ದೂರ ಬಂದಿದ್ದು ಕಂಡವರ ಅಂಗಳ ಗುಡಿಸಲಿಕ್ಕೇನು, ನಾನು ಓದಿದ್ದು ನೌಕರಿ ಹಿಡಿದಿದ್ದು ಯಾತಕ್ಕೆ ಎಂದು ಕೂಗಾಡಿದೆ. ಆಡಬಾರದ ಮಾತನ್ನೂ ಆಡಿದೆ: ನಿನ್ನ ಮೈಯಲ್ಲೇ ಜೀತ ಐತಿ ಎಂದುಬಿಟ್ಟೆ. ಅವ್ವ ಬೆಂಚಿನ ಮೇಲೆ ಕುಸಿದು ಕೂತಳು. ನನ್ನ ಕಡೆ ನೋಡದೆ ಹೇಳಿದಳು.

"ಕೈ ಖಾಲಿ ಇಟ್ಕಂಡು ಕುಂದ್ರೋದು ನಂಗ ಬರಾಂಗಿಲ್ಲವ್ವ. ಕುಂತ್ರ ಸಾಕು, ಯಾರೋ ಬಂದು ಏಳು ಅಂತಾರ ಅನ್ನಿಸ್ತೈತಿ. ಅವರು ಅನ್ನೋದ್ರಾಗ ನಾನ ಎದ್ದುಬಿಡ್ತೀನಿ."

ಗದ್ದಲ ಕೇಳಿ ಹೊರಗೆ ಬಂದಿದ್ದ ಮುನಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆ ನಿಧಾನವಾಗಿ ಬಂದು ಕಸಬರಿಗೆಯನ್ನು ಎತ್ತಿ ಗೋಡೆಗಿಟ್ಟಳು. ಅವ್ವನ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಅವ್ವನ ಸೆರಗಿನ ತುದಿಯನ್ನು ತನ್ನ ತೊಡೆಯ ಕೆಳಗೆ ಹಾಕಿಕೊಂಡಳು, ಏಳಲಾಗದಂತೆ.

"ಇದು ನನ್ನ ಮನೆ," ಎಂದಳು. "ಇಲ್ಲಿ ಏಳು ಅನ್ನೋಳು ನಾನು ಒಬ್ಬಳೇ. ನಾನು ಅನ್ನಲ್ಲ. ಕೂತ್ಕೋ."

ಅವ್ವ ಆಕೆಯ ಮುಖವನ್ನು ನೋಡಿದಳು. ಆಮೇಲೆ ತಾನೂ ಕಾಲು ಚಾಚಿದಳು, ಮೊದಲು ಒಂದು, ಆಮೇಲೆ ಇನ್ನೊಂದು. ಮಂಜು ಮೇಲೆದ್ದು ಬಿಸಿಲು ಅಂಗಳಕ್ಕೆ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಾನು ಒಳಗೆ ಹೋಗಿ ನೋಟ್‌ಬುಕ್ಕನ್ನು ಗಂಟಿನ ತಳಕ್ಕೆ ಹಾಕಿದೆ. ಆಡಿದ ಮಾತಿಗೆ ಕ್ಷಮೆ ಕೇಳಬೇಕಿತ್ತು; ನಮ್ಮ ಮನೆಯಲ್ಲಿ ಹಾಗೆ ಕೇಳುವ ರೂಢಿಯಿರಲಿಲ್ಲ. ಚಹಾ ಮಾಡಿ ಇಬ್ಬರಿಗೂ ತಂದುಕೊಟ್ಟೆ. ಅವ್ವ ಲೋಟ ತೆಗೆದುಕೊಳ್ಳುವಾಗ ನನ್ನ ಬೆರಳನ್ನು ಒಂದು ಗಳಿಗೆ ಹೆಚ್ಚಿಗೆ ಹಿಡಿದಳು. ಅಷ್ಟರಲ್ಲೇ ಮುಗಿಯಿತು.

ಅಲ್ಲಿಂದ ಮುಂದಿನ ದಿನಗಳಿಗೆ ಲೆಕ್ಕವಿಲ್ಲ. 'ಏಳು' ಎನ್ನುವವರಿಲ್ಲದ ಊರಿನಲ್ಲಿ ಅವ್ವ ಬಿಸಿಲು ಬಿದ್ದಾಗ ಏಳುತ್ತಿದ್ದಳು. ಮಧ್ಯಾಹ್ನ ಗುಡ್ಡದ ಮೇಲಿಂದ ಸಣ್ಣಗೆ ಮಳೆ ಇಳಿಯುತ್ತಿತ್ತು, ತಗಡಿನ ಮೇಲೆ ಅದರ ಸದ್ದು ಕೇಳುತ್ತ ಮಲಗುತ್ತಿದ್ದಳು. ಗೋಡೆಗೆ ಆತು ಕೂತಲ್ಲ, ಕಾಲು ನೀಡಿ, ಮೈಮೇಲೆ ಕಂಬಳಿ ಎಳೆದುಕೊಂಡು. ಒಂದು ವಾರಕ್ಕೆ ಎದೆಯ ಸೀಟಿ ನಿಂತಿತು. ನಾನು ಕಿವಿಗೊಟ್ಟು ಕೇಳಿದರೆ ಬರೀ ಉಸಿರು.

ಅಪ್ಪ ಬೆಳಗ್ಗೆ ಆರುಮುಗಂ ಜೊತೆ ಹಳಿ ನೋಡಲು ಹೋಗುತ್ತಿದ್ದ. ಹಾರೆ ಮುಟ್ಟಬಾರದು, ಬರೀ ನೋಡಬೇಕು ಎಂದು ಗ್ಯಾಂಗಿನವರೇ ಕರಾರು ಹಾಕಿದ್ದರಂತೆ. ಹಿಂತಿರುಗಿ ಬಂದು ಬೆಂಚಿನ ಮೇಲೆ ಅವ್ವನ ಪಕ್ಕ ಕೂತು, ಕಂಡದ್ದೆಲ್ಲ ಹೇಳುತ್ತಿದ್ದ. ಹಲ್ಲಿನ ಹಳಿಗೆ ದಿನಾ ಎಣ್ಣೆ ಹಚ್ಚುತ್ತಾರೆ, ಮಣ್ಣು ಕುಸಿಯದಂತೆ ಹೀಗೆ ಕಲ್ಲು ಕಟ್ಟುತ್ತಾರೆ, ಕಾಡುಕೋಣ ಹಳಿಗೆ ಬಂದರೆ ಹೀಗೆ ಸದ್ದು ಮಾಡುತ್ತಾರೆ. ಅವ್ವ ಪ್ರಶ್ನೆ ಕೇಳುತ್ತಿದ್ದಳು. ಮೊದಲು ಹಳಿಯ ಬಗ್ಗೆ, ಆಮೇಲೆ ಬೇರೆ ಬೇರೆ. ನೀವು ಮಳೆಗಾಲದಲ್ಲಿ ರಾತ್ರಿಪಾಳಿ ಹೋದಾಗ ಎಲ್ಲಿ ನಿಲ್ಲುತ್ತಿದ್ದಿರಿ, ಹೆದರಿಕೆ ಆಗುತ್ತಿತ್ತೇನು ಎಂದು ಒಂದು ದಿನ ಕೇಳಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತು ಬಂದಿರಲಿಲ್ಲ. ಅವನು ಕೋಳಿ ಕೂಗುವ ಮೊದಲು ಹೊರಡುತ್ತಿದ್ದ, ಅವಳು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ನಡುವೆ ಮಾತಿಗೆ ಜಾಗವೆಲ್ಲಿತ್ತು? ಒಳಗೆ ಕೂತು ಕೇಳುತ್ತಿದ್ದ ನನಗೆ, ಪರಿಚಯವಿಲ್ಲದ ಇಬ್ಬರು ಪರಿಚಯ ಮಾಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು.

ಹತ್ತನೆಯ ದಿನ ಊಟದ ಹೊತ್ತಿಗೆ ಅವ್ವ, ನೀನು ನಾಳೆ ಊರಿಗೆ ಹೊರಡು ಎಂದಳು. ನಾನು ತಬ್ಬಿಬ್ಬಾದೆ. ಹದಿನೈದು ದಿನದ ಯೋಜನೆ ಇದು, ಭಾಷೆ ಬರುವುದಿಲ್ಲ, ಗುಳಿಗೆ ನೋಡುವವರಿಲ್ಲ, ಹಿಂತಿರುಗುವಾಗ ಸುರಂಗಗಳಿವೆ ಎಂದೆಲ್ಲ ಹೇಳಿದೆ. ಮುಂದಿನ ಡಬ್ಬಿ ಯಾವುದೆಂದು ನನಗೆ ಗೊತ್ತು ಎಂದು ಅಪ್ಪ ಗೊಣಗಿದ. ಅವ್ವ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕಣ್ಣಲ್ಲಿ ನಗುವಿತ್ತು.

"ನೀ ಇರಾತನ ನಾನು ಜಡ್ಡಿನಾಕಿ, ನಿಮ್ಮಪ್ಪ ಮುದುಕ. ನೀ ಹೋದ್ರ ನಾವು ಗಂಡ ಹೆಂಡ್ತಿ."

ಅಪ್ಪ ತಟ್ಟೆಯಿಂದ ಮುಖ ಎತ್ತಲಿಲ್ಲ. ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೈ ತೊಳೆದು ಬಂದ ಮೇಲೆ ಅವ್ವ ಇನ್ನೊಂದು ಮಾತು ಸೇರಿಸಿದಳು, ಸಂತೆಯಿಂದ ಏನು ತರಬೇಕೆಂದು ಹೇಳುವಷ್ಟು ಸಹಜವಾಗಿ. ಮಿಲ್ಲಿನವರಿಗೆ ತಿಳಿಸಿಬಿಡು, ಇನ್ನು ನಾನು ಬರುವುದಿಲ್ಲ ಎಂದು. ಈ ಒಂದು ಮಾತನ್ನು ಆಕೆಯಿಂದ ಹೊರಡಿಸುವುದು ಹೇಗೆ ಎಂದು ನಾನು ಎಷ್ಟು ತಲೆ ಕೆಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ತೀರ್ಮಾನಿಸಿ ಆಗಿತ್ತು.

ಅವರು ಅಲ್ಲಿ ದೊಡ್ಡ ಮಳೆ ಹಿಡಿಯುವವರೆಗೆ ಇದ್ದರು. ತಾವೇ ಗಾಡಿ ಬದಲಿಸಿಕೊಂಡು ಊರು ಮುಟ್ಟಿದರು. ಅವ್ವ ಮತ್ತೆ ಮಿಲ್ಲಿನ ಕಡೆ ಹೋಗಲಿಲ್ಲ. ಹದಿನೇಳು ವರ್ಷ ಬದುಕಿದಳು. ಅದೆಲ್ಲ ಆಮೇಲಿನದು. ಆ ಬೇಸಿಗೆ ಎಂದಾಗ ನನ್ನ ಕಣ್ಣಿಗೆ ಕಟ್ಟುವುದು ನಾನು ಕೂನೂರು ಬಿಟ್ಟ ದಿನ.

ಸ್ಟೇಷನ್ನಿಗೆ ಇಬ್ಬರೂ ಬಂದಿದ್ದರು. ಅವ್ವ ಮುನಿಯಮ್ಮನ ಸ್ವೆಟರು ಹಾಕಿಕೊಂಡಿದ್ದಳು, ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ನಾನು ಕಿಟಕಿಯಿಂದ ಬಗ್ಗಿ ಗುಳಿಗೆಯ ಬಗ್ಗೆ, ಬಿಸಿನೀರಿನ ಬಗ್ಗೆ, ಇಳಿಜಾರಿನಲ್ಲಿ ಕೈ ಹಿಡಿದು ನಡೆಯುವುದರ ಬಗ್ಗೆ ಹೇಳುತ್ತಲೇ ಇದ್ದೆ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಗಾರ್ಡು ಹಸಿರು ಬಾವುಟ ತೋರಿಸಿದ, ಗಾಡಿ ನಿಧಾನವಾಗಿ ಹೊರಟಿತು. ಕೈ ಬೀಸಲೆಂದು ನಾನು ತಲೆ ಹೊರಗೆ ಹಾಕಿ ನೋಡಿದೆ.

ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಅಪ್ಪ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪಕ್ಕದ ಹಳಿಯಲ್ಲಿ ಏನನ್ನೋ ಬೆರಳು ಮಾಡಿ ತೋರಿಸುತ್ತಿದ್ದ. ಅವ್ವ ಮೊಣಕಾಲ ಮೇಲೆ ಕೈಯೂರಿ ಬಾಗಿ ನೋಡುತ್ತಿದ್ದಳು. ಏನೋ ಕೇಳಿದಳು, ಅಪ್ಪ ತಲೆ ಹಿಂದಕ್ಕೆ ಮಾಡಿ ನಕ್ಕ. ಎತ್ತಿದ್ದ ಕೈಯನ್ನು ನಾನು ಇಳಿಸಿದೆ. ಒಂದು ಗಳಿಗೆ ಬೇಜಾರಾಯಿತು, ಆಮೇಲೆ ಎದುರು ಕೂತವರು ತಿರುಗಿ ನೋಡುವಷ್ಟು ನಗು ಬಂತು. ಗಾಡಿ ಮೊದಲ ತಿರುವಿನಲ್ಲಿ ಹೊರಳಿತು. ಅವರಿಬ್ಬರೂ ಇನ್ನೂ ಹಳಿಯನ್ನೇ ನೋಡುತ್ತಿದ್ದರು.